ನನ್ನ ಇವಿ (ಎಲೆಕ್ಟ್ರಿಕ್ ಕಾರು) ರಿವ್ಯೂ: ಮೋಟರ್ ಸೂಪರ್, ಸಾಫ್ಟ್‌ವೇರ್‌ಗೆ ದೇವರೇ ಗತಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರಿಗೆ ಮೊದಲೇ ಮಾರ್ಕ್ಸ್ ಹೇಳ್ಬಿಡ್ತೀನಿ. ಮೋಟರ್‌ಗೆ ಹತ್ತಕ್ಕೆ ಒಂಬತ್ತೂವರೆ. ದೊಡ್ಡ ಬ್ಯಾಟರಿಗೆ ಒಂಬತ್ತು. ಸೀಟು, ಎಸಿ, ಸಸ್ಪೆನ್ಷನ್ ಎಲ್ಲಾ ಸೇರಿಸಿ ಎಂಟು. ಸಾಫ್ಟ್‌ವೇರ್‌ಗೆ ನಾಲ್ಕು, ಅದೂ ಹೋದ ಸಲದ ಅಪ್‌ಡೇಟ್ ಆದ್ಮೇಲೆ, ಅದಕ್ಕೆ ಮುಂಚೆ ಕೇಳಿದ್ರೆ ಎರಡು ಅಂತಿದ್ದೆ. ಸರ್ವಿಸ್ ಸೆಂಟರ್‌ಗೆ ಮಾರ್ಕ್ಸ್ ಹಾಕೋಕೆ ಆಗಲ್ಲ, ಅಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂರೋ ಒಬ್ಬ ಹುಡುಗ ಇದಾನೆ, ಅವನಿದ್ದ ದಿನ ಹೋದ್ರೆ ಎಂಟು, ಅವನು ರಜಾ ಹಾಕಿದ್ರೆ ಸೊನ್ನೆ.

ಕಾರಿನ ಹೆಸರು ಬೇಕಂತಲೇ ಬರೀತಿಲ್ಲ. ಹೆಸರು ಹಾಕಿದ ತಕ್ಷಣ ಆ ಕಂಪನಿಯೋರು ಈ ಕಂಪನಿಯೋರು ಅಂತ ಕಿತ್ತಾಟ ಶುರುವಾಗುತ್ತೆ, ಹೇಳ್ಬೇಕಾಗಿದ್ದು ಪಕ್ಕಕ್ಕೆ ಹೋಗುತ್ತೆ. ಬೇರೆ ಬೇರೆ ಬ್ರ್ಯಾಂಡ್ ಇಟ್ಕೊಂಡಿರೋ ಪರಿಚಯದೋರ ಹತ್ರ ಮಾತಾಡಿದ್ರೂ ಕಥೆ ಹೆಚ್ಚುಕಮ್ಮಿ ಒಂದೇ. ನಮ್ಮದು ಮಾಮೂಲಿ ಸೈಜಿನ ಎಸ್‌ಯುವಿ, 40 ಯೂನಿಟ್ ಆಸುಪಾಸಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಮೈಸೂರಲ್ಲಿ ಮನೆ, ಮನೇಲೇ ಚಾರ್ಜಿಂಗು, ದಿನಾ ಆಫೀಸಿಗೆ ಹೋಗಿ ಬರೋದು, ಆಗಾಗ ಬೆಂಗಳೂರು, ಹಬ್ಬ ಹುಣ್ಣಿಮೆಗೆ ನನ್ನ ತವರು ಸುಳ್ಯ. ಹೊಸದೇ ತಗೊಂಡಿದ್ದು, ಎರಡು ವರ್ಷ ದಾಟಿದೆ, ಆದ್ದರಿಂದ ಇದು ಟೆಸ್ಟ್ ಡ್ರೈವ್ ಮಾಡಿ ಬರೆದ ರಿವ್ಯೂ ಅಲ್ಲ.

ಒಳ್ಳೇದು ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಒಳ್ಳೇದರಲ್ಲಿ ಕಥೆ ಕಮ್ಮಿ. ಮೋಟರ್ ಬಗ್ಗೆ ಇಷ್ಟು ದಿನದಲ್ಲಿ ಒಂದು ಕಂಪ್ಲೇಂಟ್ ಕೂಡ ಇಲ್ಲ. ಆಯಿಲ್ ಚೇಂಜ್ ಇಲ್ಲ, ಕ್ಲಚ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಸರ್ವಿಸ್ ಬಿಲ್ ನೋಡಿದ್ರೆ ಎಸಿ ಫಿಲ್ಟರ್, ವೈಪರ್ ನೀರು, ಟೈರ್ ರೊಟೇಷನ್, ಮುಗೀತು. ಬ್ರೇಕ್ ಪ್ಯಾಡು ಸವೆಯೋದೇ ಇಲ್ಲ ಅನ್ನಬಹುದು, ಕಾಲು ತೆಗೆದ್ರೆ ಮೋಟರೇ ಹಿಡ್ಕೊಳುತ್ತೆ. ಅದರ ಬದಲು ಮಳೆಗಾಲದಲ್ಲಿ ಡಿಸ್ಕ್ ಮೇಲೆ ತುಕ್ಕು ಕೂರುತ್ತೆ, ಬೆಳಿಗ್ಗೆ ಮೊದಲ ಬ್ರೇಕಿಗೆ ಕರ್ರ್ ಅಂತ ಸೌಂಡ್ ಬರುತ್ತೆ, ಹೆದರ್ಕೋಬೇಡಿ. ಟೈರ್ ಮಾತ್ರ ಪೆಟ್ರೋಲ್ ಕಾರಿಗಿಂತ ಬೇಗ ಸವೆಯುತ್ತೆ, ತೂಕ ಜಾಸ್ತಿ, ಮೇಲಿಂದ ಸಿಗ್ನಲ್ ಬಿಟ್ಟ ತಕ್ಷಣ ನಮ್ಮನೆಯೋರ ಕಾಲು ಸುಮ್ನಿರಲ್ಲ.

ಖರ್ಚು ಹೇಳ್ಬೇಕಂದ್ರೆ ಮೈಸೂರೊಳಗೆ ಯೂನಿಟ್ಟಿಗೆ ಆರೂವರೆ ಏಳು ಕಿಲೋಮೀಟರ್ ಕೊಡುತ್ತೆ, ಮನೆ ಕರೆಂಟು ಯೂನಿಟ್ಟಿಗೆ ಆರು ರೂಪಾಯಿ ಹತ್ರ ಹತ್ರ, ಅಂದ್ರೆ ಕಿಲೋಮೀಟರ್ರಿಗೆ ಒಂದು ರೂಪಾಯಿ ಅಂತ ಇಟ್ಕೊಳಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿ ನೂರರಲ್ಲಿ ಹೋದ್ರೆ ಐದೂವರೆಗೆ ಬೀಳುತ್ತೆ, ಗಾಳಿ ತಡೆಯೋದಕ್ಕೇ ಅರ್ಧ ಕರೆಂಟು ಹೋಗುತ್ತೆ. ಹೊರಗಡೆ ಡಿಸಿ ಫಾಸ್ಟ್ ಚಾರ್ಜರಲ್ಲಿ ಹಾಕಿದ್ರೆ ಯೂನಿಟ್ಟಿಗೆ 20 ರೂಪಾಯಿ ದಾಟುತ್ತೆ, ಅದರ ಮೇಲೆ ಜಿಎಸ್‌ಟಿ 18% ಬೇರೆ. ಮನೇಲಿ ಚಾರ್ಜಿಂಗ್ ಇಲ್ದೇ ಇವಿ ತಗೋಬೇಕು ಅನ್ಕೊಂಡಿರೋರು ಈ ಲೆಕ್ಕ ಒಂದ್ಸಲ ಹಾಕಿ ನೋಡಿ.

ಘಾಟ್ ಬಗ್ಗೆ ಹೇಳ್ದೇ ಬಿಟ್ರೆ ತಪ್ಪಾಗುತ್ತೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯೋದು ಹೆಚ್ಚುಕಮ್ಮಿ ಸಾವಿರ ಮೀಟರ್ ಇಳಿಕೆ. ಜನ, ಲಗೇಜು ಎಲ್ಲಾ ಸೇರಿ 1,800 ಕೆಜಿ ಅಂತ ಇಟ್ಕೊಂಡ್ರೆ ಆ ಎತ್ತರದಲ್ಲಿ ಐದು ಯೂನಿಟ್ಟಿನಷ್ಟು ಶಕ್ತಿ ಕೂತಿರುತ್ತೆ. ಪೆಟ್ರೋಲ್ ಕಾರಲ್ಲಿ ಅದೆಲ್ಲಾ ಗಾಳಿಗೆ, ಟೈರಿಗೆ, ಇಂಜಿನ್ನಿಗೆ, ಬ್ರೇಕ್ ಬಿಸಿಗೆ ಹೋಗುತ್ತೆ, ಇದರಲ್ಲಿ ಒಂದಿಷ್ಟು ಗಾಳಿಗೆ ಟೈರಿಗೆ ಹೋಗಿ ಉಳಿದಿದ್ದು ಬ್ಯಾಟರಿಗೆ ವಾಪಸ್, ಕೆಳಗೆ ಬರೋ ಹೊತ್ತಿಗೆ ಪರ್ಸೆಂಟೇಜು ಇಳಿಯೋ ಬದಲು ನಾಕೈದು ಏರಿರುತ್ತೆ. ಬ್ರೇಕ್ ಮೇಲೆ ಕಾಲಿಡೋದೇ ಕಮ್ಮಿ, ಹಿಂದೆ ಕೂತ ಮಕ್ಕಳು ವಾಂತಿ ಮಾಡ್ಕೊಳೋದೂ ಕಮ್ಮಿ ಆಗಿದೆ (ಇದು ವೈಜ್ಞಾನಿಕ ಸತ್ಯ ಅಲ್ಲ, ನಮ್ಮನೆ ಸತ್ಯ). ಒಂದೇ ಎಚ್ಚರಿಕೆ, ಮಡಿಕೇರಿ ಹೋಂಸ್ಟೇಲಿ ಫುಲ್ ನೂರು ಪರ್ಸೆಂಟ್ ಚಾರ್ಜ್ ಮಾಡ್ಕೊಂಡು ಇಳಿಬೇಡಿ, ತುಂಬಿರೋ ಬ್ಯಾಟರಿಗೆ ಮತ್ತೆ ತುಂಬೋಕೆ ಜಾಗ ಇರಲ್ಲ, ರೀಜೆನ್ (ಮೋಟರೇ ಹಿಡ್ಕೊಂಡು ಬ್ಯಾಟರಿ ತುಂಬೋದು) ಕೈ ಕೊಡುತ್ತೆ, ಬ್ರೇಕೇ ಗತಿ. ತೊಂಬತ್ತರ ಒಳಗೆ ನಿಲ್ಲಿಸಿ.

ಇಲ್ಲೇ ಸಾಫ್ಟ್‌ವೇರ್ ಕಥೆ ಶುರು. ಒಂದು ಅಪ್‌ಡೇಟ್ ಆದ್ಮೇಲೆ ಈ ರೀಜೆನ್ ಲೆವೆಲ್ ಪ್ರತಿ ಸಲ ಕಾರು ಆಫ್ ಮಾಡಿ ಆನ್ ಮಾಡಿದಾಗ ಒಂದಕ್ಕೆ ಬಂದು ಕೂರೋಕೆ ಶುರು ಮಾಡ್ತು. ನಾನು ಯಾವಾಗ್ಲೂ ಮೂರರಲ್ಲಿ ಓಡ್ಸೋದು. ಘಾಟಲ್ಲಿ ಟೀ ಕುಡಿಯೋಕೆ ನಿಲ್ಲಿಸಿ ಮತ್ತೆ ಹೊರಟಾಗ ಮೊದಲ ತಿರುವಲ್ಲಿ ಕಾಲು ತೆಗೀತೀನಿ, ಕಾರು ಹಿಡಿಯೋದೇ ಇಲ್ಲ, ಜಾರ್ಕೊಂಡು ಹೋಗ್ತಿದೆ. ಬ್ರೇಕ್ ಇದೆ, ಒತ್ತಿದೆ, ಏನೂ ಆಗ್ಲಿಲ್ಲ ಬಿಡಿ. ಆದ್ರೆ ನಿನ್ನೆವರೆಗೂ ಒಂಥರಾ ನಡ್ಕೋತಿದ್ದ ಕಾರು ಇವತ್ತು ಇನ್ನೊಂಥರಾ ನಡ್ಕೊಳುತ್ತೆ, ಯಾರೂ ಹೇಳಿಲ್ಲ, ಅಪ್‌ಡೇಟ್ ನೋಟಲ್ಲಿ ಬರೆದಿದ್ದು “ಸುಧಾರಣೆಗಳು” ಅಂತ ಒಂದೇ ಪದ. ಸರ್ವಿಸ್ ಸೆಂಟರಲ್ಲಿ ಕೇಳಿದ್ರೆ “ಅದು ಫೀಚರ್ ಮೇಡಂ, ಸೇಫ್ಟಿಗೆ” ಅಂದ್ರು. ಮುಂದಿನ ಅಪ್‌ಡೇಟಲ್ಲಿ ಆ ಫೀಚರ್ ಸದ್ದಿಲ್ದೇ ವಾಪಸ್ ಹೋಯ್ತು.

ಈಗ ಅಸಲಿ ವಿಲನ್. ಇವಿ ಅಂದ ತಕ್ಷಣ ಎಲ್ರೂ ಕೇಳೋದು ದೊಡ್ಡ ಬ್ಯಾಟರಿ ಎಷ್ಟು ವರ್ಷ ಬರುತ್ತೆ, ಬದಲಾಯಿಸೋಕೆ ಎಷ್ಟು ಲಕ್ಷ. ನಮ್ಮನ್ನ ರಸ್ತೇಲಿ ನಿಲ್ಲಿಸಿದ್ದು ಆ ಲಕ್ಷದ ಬ್ಯಾಟರಿ ಅಲ್ಲ, ಬಾನೆಟ್ ಕೆಳಗಿರೋ ಸಾವಿರಗಳ ಲೆಕ್ಕದ 12 ವೋಲ್ಟ್ ಬ್ಯಾಟರಿ, ಪೆಟ್ರೋಲ್ ಕಾರಲ್ಲಿ ಇರೋ ಥರದ್ದೇ. ತುಂಬಾ ಜನಕ್ಕೆ ಇವಿಲೂ ಅದಿದೆ ಅಂತಲೇ ಗೊತ್ತಿಲ್ಲ. ಬಾಗಿಲು ಲಾಕು, ಸ್ಕ್ರೀನು, ಲೈಟು, ಒಳಗಿರೋ ಕಂಪ್ಯೂಟರುಗಳು ಎಲ್ಲಾ ನಡೆಯೋದು ಆ 12 ವೋಲ್ಟಲ್ಲಿ. ದೊಡ್ಡ ಬ್ಯಾಟರಿಗೂ ಮೋಟರಿಗೂ ಮಧ್ಯೆ ಕಾಂಟ್ಯಾಕ್ಟರ್ ಅಂತ ದೊಡ್ಡ ಸ್ವಿಚ್ಚುಗಳಿರುತ್ತೆ, ಅದು ಟಕ್ ಅಂತ ಕೂರೋಕೂ ಇದೇ 12 ವೋಲ್ಟ್ ಬೇಕು. ಅದು ಡೌನ್ ಆದ್ರೆ ಕೆಳಗಡೆ ದೊಡ್ಡ ಬ್ಯಾಟರಿ ಎಂಬತ್ತು ಪರ್ಸೆಂಟ್ ತುಂಬಿದ್ರೂ ಕಾರು ಕಬ್ಬಿಣದ ಪೆಟ್ಟಿಗೆ.

ನಮ್ದು ಕೈ ಕೊಟ್ಟಿದ್ದು ದೇವರಾಜ ಅರಸು ರಸ್ತೆ ಹತ್ರ ಪಾರ್ಕಿಂಗಲ್ಲಿ. ಹಿಂದಿನ ದಿನ ಸಂಜೆ ಒಂದು ಕ್ಷಣ ಡ್ಯಾಶ್‌ಬೋರ್ಡಲ್ಲಿ ದೀಪಾವಳಿ, ಎಬಿಎಸ್, ಸ್ಟೀರಿಂಗ್, ಹಿಲ್ ಹೋಲ್ಡ್, ಎಲ್ಲಾ ವಾರ್ನಿಂಗೂ ಒಟ್ಟಿಗೆ ಹತ್ತಿ ಆರಿತ್ತು. ಅದೇ ಲಕ್ಷಣ ಅಂತೆ, ವೋಲ್ಟೇಜ್ ಕುಸಿದಾಗ ಒಂದೊಂದು ಕಂಪ್ಯೂಟರೂ ಪಕ್ಕದವನು ಮಾತಾಡ್ತಿಲ್ಲ ಅಂತ ದೂರು ಕೊಡುತ್ತೆ, ಅಸಲಿಗೆ ಯಾವುದೂ ಕೆಟ್ಟಿರಲ್ಲ. ಮಾರನೇ ದಿನ ಕೀ ಒತ್ತಿದ್ರೆ ಸದ್ದೇ ಇಲ್ಲ. ಕೀ ಒಳಗೆ ಸಣ್ಣ ಲೋಹದ ಕೀ ಒಂದು ಅಡಗಿ ಕೂತಿರುತ್ತೆ, ಅದನ್ನ ಎಳೆದು ಡ್ರೈವರ್ ಬಾಗಿಲ ಹಿಡಿಕೆಯ ಮುಚ್ಚಳ ತೆಗೆದು ತಿರುಗಿಸ್ಬೇಕು. ಬಾನೆಟ್ ಪುಣ್ಯಕ್ಕೆ ಕೇಬಲ್ಲಿಂದ ತೆರೆಯುತ್ತೆ. ಕೆಲವು ಕಾರಲ್ಲಿ ಬಾನೆಟ್ಟೂ ಎಲೆಕ್ಟ್ರಿಕ್ಕೇ, 12 ವೋಲ್ಟ್ ಸತ್ರೆ 12 ವೋಲ್ಟ್ ಇರೋ ಜಾಗವೇ ತೆರೆಯಲ್ಲ. ಡೆಲಿವರಿ ದಿನ ಹೂವಿನ ಹಾರ ಹಾಕಿ ಫೋಟೋ ತೆಗೆಸ್ಕೊಳೋ ಬದಲು ಎಮರ್ಜೆನ್ಸಿ ರಿಲೀಸ್ ಎಲ್ಲಿದೆ ಅಂತ ತೋರಿಸ್ಕೊಳಿ. ಸರಿ, ಫೋಟೋನೂ ತೆಗೆಸ್ಕೊಳಿ.

ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದ್ರೆ ಕಾರು ಟೋ ಮಾಡ್ತೀವಿ, ಫ್ಲಾಟ್‌ಬೆಡ್ ಬರೋಕೆ ಸಂಜೆ ಆಗುತ್ತೆ ಅಂದ್ರು. ಪಕ್ಕದ ಬೀದಿ ಬ್ಯಾಟರಿ ಅಂಗಡಿಯವರು ಮೀಟರ್ ತಗೊಂಡು ಬಂದ್ರು, ವಯಸ್ಸಾದೋರು, ಮೊದಲಿಗೆ ಕಾರು ಮುಟ್ಟೋಕೆ ಹೆದರಿದ್ರು, “ಅಮ್ಮಾ ಇದು ಕರೆಂಟ್ ಕಾರು, ಶಾಕ್ ಹೊಡೆದ್ರೆ?” ಅಂತ. ಆರೆಂಜ್ ಕಲರ್ ಕೇಬಲ್ ಮಾತ್ರ ಮುಟ್ಬೇಡಿ ಅಣ್ಣ, ಇದು ಮಾಮೂಲಿ ಬ್ಯಾಟರಿನೇ ಅಂದೆ. ಮೀಟರ್ ಇಟ್ಟು ನೋಡಿ ಒಂಬತ್ತು ಚಿಲ್ಲರೆ ವೋಲ್ಟ್ ಅಂದ್ರು. ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟ ತಕ್ಷಣ ಸ್ಕ್ರೀನ್ ಬಂತು, ರೆಡಿ ಅಂತ ತೋರಿಸ್ತು, ಅಲ್ಲಿಂದ ದೊಡ್ಡ ಬ್ಯಾಟರಿನೇ ಡಿಸಿ ಕನ್ವರ್ಟರ್ ಮೂಲಕ ಚಿಕ್ಕದನ್ನ ತುಂಬೋಕೆ ಶುರು ಮಾಡ್ತು. ಅವರು ಇನ್ನೂರು ರೂಪಾಯಿ ತಗೊಂಡ್ರು, ಟೀಗೆ ಕರೆದ್ರೆ ಬರ್ಲಿಲ್ಲ. ಒಂದು ಮಾತು, ಹೀಗೆ ಜಂಪ್ ತಗೊಳೋದಕ್ಕೂ ನಿಮ್ಮ ಕಾರಿನ ಮ್ಯಾನುಯಲ್ಲಲ್ಲಿ ಅನುಮತಿ ಇದೆಯಾ ನೋಡ್ಕೊಳಿ, ಮತ್ತೆ ನಿಮ್ಮ ಇವಿಯಿಂದ ಬೇರೆಯವರ ಕಾರಿಗೆ ಜಂಪ್ ಕೊಡೋಕೆ ಹೋಗ್ಬೇಡಿ, ಸ್ಟಾರ್ಟರ್ ಮೋಟರ್ ಎಳೆಯೋ ಕರೆಂಟಿಗೆ ಇದನ್ನ ಮಾಡಿಲ್ಲ.

ಆಮೇಲೆ ಗೊತ್ತಾಗಿದ್ದು, ಬ್ಯಾಟರಿ ತಪ್ಪು ಏನೂ ಇರ್ಲಿಲ್ಲ. ಕಾರಲ್ಲಿ ಸಿಮ್ ಇರೋ ಒಂದು ಡಬ್ಬ ಇದೆ, ಫೋನಿನ ಆ್ಯಪ್ ಜೊತೆ ಮಾತಾಡೋದು ಅದೇ. ಕಾರು ಲಾಕ್ ಮಾಡಿದ ಸ್ವಲ್ಪ ಹೊತ್ತಿಗೆ ಅದು ನಿದ್ದೆ ಮಾಡ್ಬೇಕು. ಅಪ್‌ಡೇಟ್ ಆದ್ಮೇಲೆ ಅದು ನಿದ್ದೆ ಮಾಡ್ತಿರ್ಲಿಲ್ಲ, ನೆಟ್‌ವರ್ಕ್ ಸಿಗದ ಜಾಗದಲ್ಲಂತೂ ರಾತ್ರಿಯಿಡೀ ಸಿಗ್ನಲ್ ಹುಡುಕ್ತಾ ಚಿಕ್ಕ ಬ್ಯಾಟರಿ ಕುಡೀತಿತ್ತು. ನೋಡಿ, ಒಂದು ಸಾಲು ಕೋಡ್ ಎಡವಟ್ಟಿಗೆ ಟೋ ಟ್ರಕ್ ಬರೋ ಪರಿಸ್ಥಿತಿ. ಜರ್ಮನಿಯ ಎಡಿಎಸಿ ಅಂತ ವಾಹನ ಸಂಘ ಇದೆಯಲ್ಲ, ರಸ್ತೇಲಿ ಕೆಟ್ಟು ನಿಂತ ಕಾರುಗಳ ಲೆಕ್ಕ ವರ್ಷಾವರ್ಷಾ ಕೊಡೋದು, ಅಲ್ಲೂ ಪೆಟ್ರೋಲ್ ಆಗ್ಲಿ ಇವಿ ಆಗ್ಲಿ ಕಾರು ನಿಲ್ಲೋಕೆ ಮೊದಲ ಕಾರಣ ಇದೇ 12 ವೋಲ್ಟ್. ಹ್ಯುಂಡೈ, ಕಿಯಾ ಇವಿಗಳ ಐಸಿಸಿಯು ಗಲಾಟೆನೂ ಇದಕ್ಕೇ ಸಂಬಂಧಿಸಿದ್ದು, ಮನೆ ಕರೆಂಟಿಂದ ದೊಡ್ಡ ಬ್ಯಾಟರಿ ತುಂಬೋ ಮತ್ತು ದೊಡ್ಡದರಿಂದ ಚಿಕ್ಕದನ್ನ ತುಂಬೋ ಕೆಲಸ ಎರಡೂ ಒಂದೇ ಡಬ್ಬದಲ್ಲಿ, ಅದು ಕೆಟ್ರೆ 12 ವೋಲ್ಟ್ ಖಾಲಿಯಾಗ್ತಾ ಹೋಗಿ ಓಡ್ತಾ ಇದ್ದ ಕಾರೇ ನಿಲ್ಲಬಹುದು. ಇಂಡಿಯಾದಲ್ಲೂ 2024ರಲ್ಲಿ 1,744 ಐಯಾನಿಕ್ 5 ಕಾರುಗಳನ್ನ ವಾಪಸ್ ಕರೆಸಿದ್ರು. ಐವತ್ತು ಲಕ್ಷದ ಹತ್ತಿರದ ಕಾರು ಸ್ವಾಮಿ ಅದು.

ಸ್ಕ್ರೀನ್ ಬಗ್ಗೆ. ಶೋರೂಮಲ್ಲಿ ನೋಡಿದಾಗ ದೊಡ್ಡ ಟಚ್‌ಸ್ಕ್ರೀನ್ ಅಂತ ಖುಷಿ ಆಗುತ್ತೆ. ಎಸಿ ಕಂಟ್ರೋಲೂ ಅದರೊಳಗೇ ಇದೆ ಅನ್ನೋದು ಮೇ ತಿಂಗಳ ಮಧ್ಯಾಹ್ನ ಮಂಡ್ಯ ದಾಟಿದ ಮೇಲೆ ಸ್ಕ್ರೀನ್ ಕಪ್ಪಾದಾಗ ಅರ್ಥ ಆಗುತ್ತೆ. ಕಾರು ಆರಾಮಾಗಿ ಓಡ್ತಿದೆ, ಮುಂದಿನ ಸ್ಪೀಡೋಮೀಟರ್ ಸರಿ ಇದೆ, ಮಧ್ಯದ ಸ್ಕ್ರೀನ್ ಮಾತ್ರ ಸತ್ತಿದೆ, ಎಸಿ 26ರಲ್ಲಿ ನಿಂತಿದೆ, ಕಮ್ಮಿ ಮಾಡೋಕೆ ಬಟನ್ ಇಲ್ಲ. ಸ್ಟೀರಿಂಗ್ ಮೇಲಿನ ಒಂದು ಬಟನ್ ಹತ್ತು ಹದಿನೈದು ಸೆಕೆಂಡ್ ಅದುಮಿ ಹಿಡಿದ್ರೆ ಸ್ಕ್ರೀನ್ ರೀಸ್ಟಾರ್ಟ್ ಆಗುತ್ತೆ, ಇದು ಮ್ಯಾನುಯಲ್ಲಲ್ಲಿ ಇಲ್ಲ, ಇನ್ನೊಬ್ಬ ಓನರ್ ಹೇಳ್ಕೊಟ್ಟಿದ್ದು. ಹೊಸ ಕಾರು ನೋಡೋರು ದಯವಿಟ್ಟು ಎಸಿಗೆ, ವಾಲ್ಯೂಮಿಗೆ, ಹಿಂದಿನ ಗಾಜಿನ ಡಿಫಾಗರಿಗೆ ನಿಜವಾದ ಬಟನ್ ಇರೋದನ್ನೇ ತಗೊಳಿ. ನಾನು ಮುಂದಿನ ಸಲ ಸನ್‌ರೂಫ್ ಬೇಕಾದ್ರೆ ಬಿಡ್ತೀನಿ, ಎಸಿ ಬಟನ್ ಬಿಡಲ್ಲ.

ರಿವರ್ಸ್ ಕ್ಯಾಮೆರಾ ಕೆಲವು ಸಲ ರಿವರ್ಸ್ ಮಾಡಿ ಮುಗಿದ ಮೇಲೆ ಬರುತ್ತೆ, ಅದು ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಸರಿಯಾಗಿ ಮ್ಯಾಪಲ್ಲಿ ತಿರುವು ಬರೋ ಹೊತ್ತಿಗೇ ಕಟ್ ಆಗುತ್ತೆ, ಕೇಬಲ್ ಹಾಕಿದ್ರೆ ಸರಿ ಇರುತ್ತೆ, ಅದಕ್ಕೇ ಕೇಬಲ್ ಖಾಯಂ. ಲೇನ್ ಕೀಪ್ ಅಸಿಸ್ಟ್ ಆಫ್, ನಮ್ಮ ರಸ್ತೆಗೆ ಅದು ಆಗಿಬರಲ್ಲ, ಎಮ್ಮೆ ತಪ್ಪಿಸೋಕೆ ಹೋದ್ರೆ ಸ್ಟೀರಿಂಗ್ ವಾಪಸ್ ಎಮ್ಮೆ ಕಡೆಗೇ ಎಳೆಯುತ್ತೆ.

ಇದು ನಮ್ಮ ದೇಶದ್ದೇ ಹಣೆಬರಹ ಅಂದ್ಕೋಬೇಡಿ. ಟೆಸ್ಲಾ ಅಂತ ಟೆಸ್ಲಾನೇ 2021ರಲ್ಲಿ ಅಮೆರಿಕಾದಲ್ಲಿ ಸುಮಾರು 1,35,000 ಹಳೇ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನ ರೀಕಾಲ್ ಮಾಡ್ತು, ಕಾರಣ ಏನು ಅಂದ್ರೆ ಸ್ಕ್ರೀನ್ ಹಿಂದಿರೋ ಮೆಮೊರಿ ಚಿಪ್ ಮೇಲೆ ಡೇಟಾ ಬರೆದು ಬರೆದು ಅದು ಸವೆದು ಹೋಗ್ತಿತ್ತು. ಚಿಪ್ ಸತ್ರೆ ಸ್ಕ್ರೀನ್ ಸಾಯುತ್ತೆ, ಹಿಂದಿನ ಕ್ಯಾಮೆರಾ ಸಾಯುತ್ತೆ. ಟೈರ್ ಸವೆಯೋದು ಕೇಳಿದ್ವಿ, ಮೆಮೊರಿ ಸವೆಯೋದನ್ನೂ ಕೇಳೋ ಕಾಲ ಬಂತು. ವೋಕ್ಸ್‌ವ್ಯಾಗನ್ 2020ರಲ್ಲಿ ಐಡಿ.3 ಕೊಡೋಕೆ ಶುರು ಮಾಡಿದಾಗ ಕೆಲವು ಫೀಚರುಗಳ ಸಾಫ್ಟ್‌ವೇರೇ ಮುಗಿದಿರ್ಲಿಲ್ಲ. ಅಮೆರಿಕಾದ ಕನ್ಸ್ಯೂಮರ್ ರಿಪೋರ್ಟ್ಸ್ ಓನರುಗಳನ್ನ ಕೇಳಿ ಮಾಡೋ ಸರ್ವೇಲಿ 2023ರಲ್ಲಿ ಪೆಟ್ರೋಲ್ ಕಾರಿಗಿಂತ ಇವಿಗಳಲ್ಲಿ ತೊಂದರೆ 79% ಜಾಸ್ತಿ ಇತ್ತು, 2024ರ ಸರ್ವೇಲಿ ಅದು 42%ಗೆ ಇಳೀತು. ಅಂದ್ರೆ ಆ ವರ್ಷ ಸುಧಾರಿಸಿತ್ತು, ಆದ್ರೆ ಆಗಲೂ ಜಾಸ್ತಿನೇ ಇತ್ತು. ಮೋಟರಲ್ಲಿ ಭಾಗ ಕಮ್ಮಿ ಅಂದ್ಮೇಲೆ ಕೆಡೋದೂ ಕಮ್ಮಿ ಆಗ್ಬೇಕಲ್ಲ ಅಂತ ನಾವು ಲೆಕ್ಕ ಹಾಕ್ತೀವಿ, ಆ ಉಳಿತಾಯನೆಲ್ಲಾ ಕಂಪ್ಯೂಟರುಗಳು ತಿಂದು ಹಾಕ್ತಿವೆ.

ಅಪ್‌ಡೇಟ್ ಕಥೆ ಹೇಳ್ದೇ ಇದ್ರೆ ಆಗಲ್ಲ. ಎರಡು ಥರ ಇದೆ. ಗಾಳೀಲಿ ಬರೋದು, ಅಂದ್ರೆ ಫೋನ್ ಥರ ತಾನೇ ಡೌನ್‌ಲೋಡ್ ಆಗೋದು, ಹೆಚ್ಚಾಗಿ ಸ್ಕ್ರೀನಿಗೆ ಸಂಬಂಧಪಟ್ಟಿದ್ದು. ಇನ್ನೊಂದು ಸರ್ವಿಸ್ ಸೆಂಟರಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಮಾಡೋದು, ಬ್ಯಾಟರಿ ನೋಡ್ಕೊಳೋ ಬಿಎಂಎಸ್ಸು, ಮೋಟರ್ ಕಂಟ್ರೋಲರ್ರು ಇಂಥವಕ್ಕೆ. ಮೊದಲನೇದು ಬೇಸ್‌ಮೆಂಟಲ್ಲಿ ಕಾರು ನಿಲ್ಲಿಸೋರಿಗೆ ಬರೋದೇ ಇಲ್ಲ, ಸಿಗ್ನಲ್ ಇರಲ್ಲ, ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ. ಎರಡನೇದಕ್ಕೆ ನಾವೇ ಕೇಳ್ಬೇಕು, ಕೇಳ್ದೇ ಇದ್ರೆ ಮಾಡಲ್ಲ. ಒಂದ್ಸಲ ಪಿರಿಯಾಡಿಕ್ ಸರ್ವಿಸಿಗೆ ಬಿಟ್ಟಿದ್ದೆ, ಸಂಜೆ ಕಾರು ತಗೊಳೋವಾಗ ಕೇಳಿದೆ,

“ಬಿಎಂಎಸ್ ಅಪ್‌ಡೇಟ್ ಇತ್ತಲ್ವಾ, ಆಯ್ತಾ?”

“ಎಲ್ಲಾ ಚೆಕ್ ಮಾಡಿದೀವಿ ಮೇಡಂ, ಕಾರ್ ಸೂಪರಾಗಿದೆ, ವಾಷಿಂಗೂ ಆಗಿದೆ.”

“ವಾಷಿಂಗ್ ಕೇಳ್ಲಿಲ್ಲ. ವರ್ಷನ್ ಎಷ್ಟಿದೆ ಈಗ?”

“ವರ್ಷನ್... ಸರ್‌ಗೆ ಫೋನ್ ಮಾಡಿ ಹೇಳ್ತೀವಿ ಮೇಡಂ.”

ಸರ್ ಅಂದ್ರೆ ನಮ್ಮನೆಯೋರು, ಅವರಿಗೆ ಕಾರಲ್ಲಿ ಚಾರ್ಜ್ ಪೋರ್ಟ್ ಯಾವ ಕಡೆ ಇದೆ ಅಂತ ಇವತ್ತಿಗೂ ಡೌಟು. ಆಮೇಲೆ ಲ್ಯಾಪ್‌ಟಾಪ್ ಹುಡುಗ ಹೊರಗೆ ಬಂದು ನಿಜ ಹೇಳಿದ, ಅಪ್‌ಡೇಟ್ ಹಾಕೋಕೆ ಎರಡು ಗಂಟೆ ಬೇಕು, ಅಷ್ಟು ಹೊತ್ತೂ 12 ವೋಲ್ಟಿಗೆ ಹೊರಗಿಂದ ಸಪ್ಲೈ ಕೊಟ್ಟಿರ್ಬೇಕು, ಮಧ್ಯೆ ಕರೆಂಟ್ ಹೋದ್ರೆ ಆ ಕಂಪ್ಯೂಟರ್ ಬೋರ್ಡೇ ಕೆಲಸಕ್ಕೆ ಬಾರದ ಇಟ್ಟಿಗೆ ಆಗುತ್ತೆ, ಅದಕ್ಕೇ ಶನಿವಾರ ರಶ್ಶಲ್ಲಿ ಯಾರೂ ಮುಟ್ಟಲ್ಲ, “ಮಂಗಳವಾರ ಬೆಳಿಗ್ಗೆ ಬನ್ನಿ ಅಕ್ಕ, ನಾನೇ ಹಾಕ್ಕೊಡ್ತೀನಿ” ಅಂದ. ಮಂಗಳವಾರ ಹೋದೆ, ಹಾಕ್ಕೊಟ್ಟ, ಆವತ್ತಿಂದ 12 ವೋಲ್ಟ್ ತಂಟೆ ಇಲ್ಲ. ಇಡೀ ಊರಿನ ಇಷ್ಟೊಂದು ಇವಿಗಳು ಆ ಒಬ್ಬ ಹುಡುಗನ ಮೇಲೆ ನಿಂತಿದೆ, ಅವನಿಗೆ ಬೆಂಗಳೂರಲ್ಲಿ ಬೇರೆ ಕೆಲಸ ಸಿಕ್ರೆ ನಮ್ಮ ಗತಿ ಏನು ಅನ್ನೋದು ನನ್ನ ಖಾಯಂ ಚಿಂತೆ.

ಪರ್ಸೆಂಟೇಜ್ ಜಿಗಿಯೋ ವಿಷ್ಯ ತುಂಬಾ ಜನ ಕೇಳ್ತಾರೆ. ಹದಿನೆಂಟು ತೋರಿಸ್ತಿತ್ತು, ಇದ್ದಕ್ಕಿದ್ದಂಗೆ ಹತ್ತಕ್ಕೆ ಬಂತು, ಬ್ಯಾಟರಿ ಹೋಯ್ತಾ ಅಂತ. ಎಲ್‌ಎಫ್‌ಪಿ ಬ್ಯಾಟರಿ ಆದ್ರೆ ಹೆಚ್ಚಿನ ಸಲ ಬ್ಯಾಟರಿ ಹೋಗಿರಲ್ಲ, ಲೆಕ್ಕ ತಪ್ಪಿರುತ್ತೆ. ಈ ಕೆಮಿಸ್ಟ್ರೀಲಿ ಎಂಬತ್ತು ಪರ್ಸೆಂಟ್ ಇದ್ರೂ ಮೂವತ್ತು ಇದ್ರೂ ವೋಲ್ಟೇಜು ಹೆಚ್ಚುಕಮ್ಮಿ ಒಂದೇ, ಮಧ್ಯದಲ್ಲಿ ಗೆರೆ ಚಪ್ಪಟೆ. ಹಂಗಾಗಿ ಕಾರು ವೋಲ್ಟೇಜ್ ನೋಡಿ ಹೇಳೋಕಾಗಲ್ಲ, ಒಳಗೆ ಎಷ್ಟು ಹೋಯ್ತು ಹೊರಗೆ ಎಷ್ಟು ಬಂತು ಅಂತ ಎಣಿಸ್ತಾ ಹೋಗ್ಬೇಕು, ಎಣಿಕೆ ದಿನಾ ಸ್ವಲ್ಪ ಸ್ವಲ್ಪ ತಪ್ಪುತ್ತೆ. ನೂರು ಪರ್ಸೆಂಟ್ ಮುಟ್ಟಿದಾಗ ಮಾತ್ರ ವೋಲ್ಟೇಜ್ ಮೇಲಕ್ಕೆ ಏರುತ್ತೆ, ಆಗ ಕಾರು ಓ ಇಲ್ಲಿದೀನಿ ಅಂತ ಲೆಕ್ಕ ಸರಿ ಮಾಡ್ಕೊಳುತ್ತೆ, ಸೆಲ್ಲುಗಳನ್ನ ಸಮ ಮಾಡ್ಕೊಳೋದೂ ಆಗಲೇ. ಅದಕ್ಕೇ ಎಲ್‌ಎಫ್‌ಪಿ ಕಾರನ್ನ ಕಂಪನಿ ಹೇಳಿದ ಹಾಗೆ ಆಗಾಗ ನಿಧಾನ ಚಾರ್ಜರಲ್ಲಿ ನೂರರವರೆಗೂ ತುಂಬಿ. ಫೋನಿಗೆ ಹೇಳೋ ಎಂಬತ್ತರ ಲೆಕ್ಕ ಇಲ್ಲಿ ಪೂರ್ತಿ ಹೊಂದಲ್ಲ, ಅದು ಎನ್‌ಎಂಸಿ ಅನ್ನೋ ಇನ್ನೊಂದು ಕೆಮಿಸ್ಟ್ರಿಯ ಬ್ಯಾಟರಿಗೆ ಸರಿ. ನಮ್ದು ದಿನಾ ಎಂಬತ್ತು, ವಾರಕ್ಕೊಮ್ಮೆ ನೂರು ಅಂತ ಶುರು ಮಾಡಿದ ಮೇಲೆ ಜಿಗಿತ ನಿಂತಿದೆ.

ಚಾರ್ಜಿಂಗ್. ಮನೇಲಿ ಹಾಕೋಕೆ ಹೋದಾಗ ಮೊದಲು ತಕರಾರು ತೆಗೆದಿದ್ದು ಅರ್ಥಿಂಗ್. ಹಳೇ ಮನೆ, ಫ್ರಿಜ್ಜು ಗೀಸರು ಎಲ್ಲಾ ವರ್ಷಗಟ್ಟಲೆ ಅದೇ ಅರ್ಥಿಂಗಲ್ಲಿ ನಡೆದಿದೆ, ಈ ಚಾರ್ಜರ್ ಮಾತ್ರ ಕೆಂಪು ಲೈಟ್ ಹಾಕ್ಕೊಂಡು ಒಲ್ಲೆ ಅಂತು. ಕಂಪನಿಯೋರು ಕಾರು ಸರಿ ಇದೆ ಮನೆ ಸರಿ ಇಲ್ಲ ಅಂದ್ರು, ಅದು ನಿಜಾನೇ. ಎಲೆಕ್ಟ್ರಿಷಿಯನ್ ಕಾಂಪೌಂಡಲ್ಲಿ ಹೊಸ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕಿ ರಾಡ್ ಇಳಿಸಿದ ಮೇಲೆ ಹಸಿರು ಬಂತು. ಬೇಸಿಗೇಲಿ ಆ ಗುಂಡಿಗೆ ನೀರು ಹಾಕೋದು ಈಗ ತುಳಸಿಗೆ ನೀರು ಹಾಕೋದ್ರ ಜೊತೆ ಸೇರಿದೆ.

ಸುಳ್ಯದಲ್ಲಿ ಬೇರೆನೇ ತಾಪತ್ರಯ. ತೋಟದ ಪಂಪು ಶುರುವಾದ ಹೊತ್ತಲ್ಲಿ ವೋಲ್ಟೇಜ್ ನೂರೆಪ್ಪತ್ತರ ಹತ್ರ ಬಂದ್ರೆ ಚಾರ್ಜರ್ ಕಟ್ ಮಾಡ್ಕೊಳುತ್ತೆ. ಹಂಗಾಗಿ ರಾತ್ರಿ ಎಲ್ಲಾ ಪಂಪು ನಿಂತ ಮೇಲೆ ಹಾಕೋದು. ಮಳೆ ಶುರುವಾಗೋ ತಿಂಗಳಲ್ಲಿ ಅದೂ ಆಗಲ್ಲ, ಯಾಕಂದ್ರೆ ನಮ್ಮಪ್ಪ. ಆ ಕಡೆ ಸಿಡಿಲು ಅಂದ್ರೆ ಹುಡುಗಾಟ ಅಲ್ಲ, ಒಂದು ಗುಡುಗು ಕೇಳಿದ್ರೆ ಸಾಕು ಮನೇಲಿರೋ ಟಿವಿ, ಫ್ರಿಜ್ಜು, ವೈಫೈ ಎಲ್ಲದರ ಪ್ಲಗ್ ಎಳೆದು ಹಾಕೋದು ಅಭ್ಯಾಸ. ರಾತ್ರಿ ಎರಡು ಗಂಟೆಗೆ ಫೋನಿಗೆ ಆ್ಯಪಿಂದ ಮೆಸೇಜು, ಚಾರ್ಜಿಂಗ್ ನಿಂತಿದೆ, ದೋಷ ಪತ್ತೆಯಾಗಿದೆ ಅಂತ. ಎದ್ದು ಹೋಗಿ ನೋಡಿದ್ರೆ ಅಪ್ಪ ಟಾರ್ಚ್ ಹಿಡ್ಕೊಂಡು ಕೊಟ್ಟಿಗೆ ಪಕ್ಕ ನಿಂತಿದಾರೆ, ಕೈಯಲ್ಲಿ ಪ್ಲಗ್ಗು, “ಗುಡುಗು ಬಂತು ಮಗಳೇ, ಇಷ್ಟು ದುಡ್ಡಿನ ಸಾಮಾನು” ಅಂದ್ರು. ಅವರು ಹೇಳೋದೂ ಸರಿನೇ. ಸರ್ಜ್ ಪ್ರೊಟೆಕ್ಟರ್ ಹಾಕಿಸಿದೀನಿ, ಅಪ್ಪ ನಂಬಲ್ಲ, ಎಳೀತಾರೆ.

ಹೈವೇ ಚಾರ್ಜಿಂಗ್ ಬಗ್ಗೆ ಎಲ್ಲರೂ ಬರೆದಿದಾರೆ, ಚಿಕ್ಕದಾಗಿ ಹೇಳ್ತೀನಿ. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಪಬ್ಲಿಕ್ ಚಾರ್ಜಿಂಗ್ ಸ್ಟೇಷನ್ ಅಂತ ಲೆಕ್ಕ ಇದೆ, ಬಹುಪಾಲು ಬೆಂಗಳೂರಲ್ಲೇ. ಬೆಂಗಳೂರು ಮೈಸೂರು ರಸ್ತೇಲಿ ಕಷ್ಟ ಇಲ್ಲ, ಮಡಿಕೇರಿ ದಾಟಿದ್ರೆ ಮುಂಚೆನೇ ಪ್ಲಾನ್ ಮಾಡ್ಬೇಕು. ಚಾರ್ಜಿಂಗ್ ಗನ್ ಚುಚ್ಚಿದ ಮೇಲೆ ಕಾರು ಮತ್ತೆ ಚಾರ್ಜರ್ ಅದೇ ಕೇಬಲ್ಲಲ್ಲಿ ಒಂದಕ್ಕೊಂದು ಮಾತಾಡಿ ಎಷ್ಟು ವೋಲ್ಟ್ ಎಷ್ಟು ಕರೆಂಟ್ ಅಂತ ಒಪ್ಪಂದ ಮಾಡ್ಕೋಬೇಕು, ಆ ಮಾತುಕತೆನೇ ಮುರಿದು ಬೀಳೋದು ಜಾಸ್ತಿ. ಆಗ ತಪ್ಪು ಯಾರದ್ದು ಅಂತ ಕೇಳಿದ್ರೆ ಚಾರ್ಜರ್‌ನೋರು ಕಾರು ಅಂತಾರೆ, ಕಾರಿನೋರು ಚಾರ್ಜರ್ ಅಂತಾರೆ. ಗನ್ ತೆಗೆದು, ಕಾರು ಲಾಕ್ ಮಾಡಿ, ಎರಡು ನಿಮಿಷ ಬಿಟ್ಟು ಮತ್ತೆ ಚುಚ್ಚಿ, ಕೇಬಲ್ ತೂಕ ಕೈಯಲ್ಲಿ ಎತ್ತಿ ಹಿಡ್ಕೊಳಿ, ಹೆಚ್ಚಿನ ಸಲ ತಗೊಳುತ್ತೆ. ಒಂದೊಂದು ಕಂಪನಿಗೂ ಒಂದೊಂದು ಆ್ಯಪು, ಒಂದೊಂದು ಆ್ಯಪಲ್ಲೂ ಒಂದೊಂದು ವ್ಯಾಲೆಟ್ಟು, ನನ್ನ ದುಡ್ಡು ನೂರು ಇನ್ನೂರು ಅಂತ ಎಲ್ಲೆಲ್ಲಿ ಕೂತಿದೆಯೋ ಆ ದೇವರಿಗೇ ಗೊತ್ತು.

ಇಷ್ಟೆಲ್ಲಾ ಆದ್ಮೇಲೆ ತಗೋಬಹುದಾ ಅಂದ್ರೆ, ತಗೊಳಿ, ಮನೇಲಿ ಚಾರ್ಜಿಂಗ್ ಇದ್ರೆ. ಆದ್ರೆ ವಾರಂಟಿ ಪೇಪರನ್ನ ಕನ್ನಡಕ ಹಾಕ್ಕೊಂಡು ಓದಿ. ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಕೊಡ್ತಾರೆ, ಈಗ ಕೆಲವರು ಮೊದಲ ಓನರಿಗೆ ಲೈಫ್‌ಟೈಮ್ ಅಂತಲೂ ಶುರು ಮಾಡಿದಾರೆ, ಜಾಹೀರಾತಲ್ಲಿ ದೊಡ್ಡದಾಗಿ ಕಾಣೋದು ಅದೇ. ನಮ್ಮ ಪೇಪರಲ್ಲಿ ಸ್ಕ್ರೀನು, ಸಿಮ್ ಡಬ್ಬ, ಕ್ಯಾಮೆರಾ ಎಲ್ಲಾ ಮಾಮೂಲಿ ಮೂರು ವರ್ಷದ ವಾರಂಟಿ ಒಳಗೆ, 12 ವೋಲ್ಟ್ ಬ್ಯಾಟರಿಗೆ ಅದಕ್ಕಿಂತ ಕಮ್ಮಿ. ಕೆಡದೇ ಇರೋದಕ್ಕೆ ಎಂಟು ವರ್ಷ, ಕೆಡೋದಕ್ಕೆ ಮೂರು ವರ್ಷ. ಎಕ್ಸ್‌ಟೆಂಡೆಡ್ ವಾರಂಟಿ ತಗೊಳೋದಾದ್ರೆ ಈ ಎಲೆಕ್ಟ್ರಾನಿಕ್ಸ್ ಅದರಲ್ಲಿ ಬರುತ್ತಾ ಅಂತ ಬರವಣಿಗೆಯಲ್ಲಿ ಕೇಳಿ, ಬಾಯಿಮಾತಲ್ಲಿ ಎಲ್ಲಾ ಬರುತ್ತೆ ಅಂತಾರೆ. ಟೆಸ್ಟ್ ಡ್ರೈವಲ್ಲಿ ಸೊನ್ನೆಯಿಂದ ನೂರು ಎಷ್ಟು ಸೆಕೆಂಡ್ ಅಂತ ನೋಡೋದು ಬಿಡಿ, ಸ್ಕ್ರೀನ್ ರೀಸ್ಟಾರ್ಟ್ ಮಾಡ್ಸಿ ಎಷ್ಟು ಹೊತ್ತಿಗೆ ಬರುತ್ತೆ ನೋಡಿ. ಹೊಸದಾಗಿ ಲಾಂಚ್ ಆದ ಮಾಡೆಲ್ಲನ್ನ ಮೊದಲ ವರ್ಷ ತಗೋಬೇಡಿ, ಬೇರೆಯವರು ಟೆಸ್ಟಿಂಗ್ ಮಾಡಿ ಕೊಡ್ಲಿ.

ಕಂಪನಿ ಉಳಿಯುತ್ತಾ ಅನ್ನೋದನ್ನೂ ನೋಡ್ಬೇಕು ಈಗ. ಅಮೆರಿಕಾದ ಇವಿ ಕಂಪನಿ ಫಿಸ್ಕರ್ 2024 ಜೂನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಓಷನ್ ಕಾರು ತಗೊಂಡೋರಿಗೆ ಅಪ್‌ಡೇಟ್ ಯಾರು ಕೊಡ್ತಾರೆ ಸರ್ವರ್ ಯಾರು ನಡೆಸ್ತಾರೆ ಅಂತ ಗೊತ್ತಾಗ್ದೆ ಓನರುಗಳೇ ಸಂಘ ಕಟ್ಕೊಂಡು ಓಡಾಡೋ ಹಾಗಾಯ್ತು. ನಮ್ಮ ಬೆಂಗಳೂರಿನ ಇವಿ ರೇವಾ 2001ರಲ್ಲಿ ಬಂದಾಗ ಅದರಲ್ಲಿ ಇದ್ದಿದ್ದು ಲೆಡ್ ಆ್ಯಸಿಡ್ ಬ್ಯಾಟರಿ, ಎರಡು ಬಾಗಿಲು, ಇಂಥ ಸ್ಕ್ರೀನ್ ಗೀನ್ ಏನಿಲ್ಲ. ಅದೇ ರೇವಾ 2009ರಲ್ಲಿ, ಬ್ಯಾಟರಿ ಖಾಲಿಯಾದ್ರೆ ಒಂದು ಮೆಸೇಜ್ ಮಾಡಿ, ಮೀಸಲಿಟ್ಟ ಚಾರ್ಜನ್ನ ದೂರದಿಂದಲೇ ಬಿಡಿಸಿ ಕೊಡ್ತೀವಿ ಅನ್ನೋ ಐಡಿಯಾ ತೋರಿಸಿತ್ತು. ಸಾಫ್ಟ್‌ವೇರ್ ಅಂದ್ರೆ ಹಂಗಿರ್ಬೇಕು, ರಸ್ತೇಲಿ ನಿಂತೋರನ್ನ ಮನೆಗೆ ಮುಟ್ಟಿಸ್ಬೇಕು. ಈಗಿನದ್ದು ಮನೇಲಿರೋರನ್ನ ರಸ್ತೇಲಿ ನಿಲ್ಲಿಸುತ್ತೆ.

ಸೆಕೆಂಡ್ ಹ್ಯಾಂಡ್ ಇವಿ ನೋಡ್ತಿರೋರಿಗೆ ಒಂದೇ ಮಾತು. ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳ್ತೀರ, ಸರಿ. ಅದರ ಜೊತೆ ಆ್ಯಪ್ ಅಕೌಂಟು ನಿಮ್ಮ ಹೆಸರಿಗೆ ಆಗೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ. ನಮ್ಮ ಚಿಕ್ಕಪ್ಪನ ಮಗ ಒಂದು ತಗೊಂಡ, ಆರ್‌ಸಿ ಟ್ರಾನ್ಸ್‌ಫರ್ ಬೇಗನೇ ಆಯ್ತು, ಆ್ಯಪ್ ಮಾತ್ರ ಹಳೇ ಓನರ್ ಫೋನಲ್ಲೇ ಇತ್ತು. ಇವನು ಕಾರು ಎಲ್ಲಿ ನಿಲ್ಲಿಸಿದಾನೆ, ಎಷ್ಟು ಸ್ಪೀಡಲ್ಲಿ ಹೋದ ಅಂತ ಎಲ್ಲಾ ಅವರಿಗೆ ನೋಟಿಫಿಕೇಷನ್, ಬೇಕಂದ್ರೆ ಲಾಕೂ ಮಾಡ್ಬಹುದು. ಪಾಪ ಅವರು ಒಳ್ಳೇ ಮನುಷ್ಯ, “ನಿಮ್ಮ ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ ನೋಡಿ” ಅಂತ ಅವರೇ ಫೋನ್ ಮಾಡಿ ಹೇಳ್ತಿದ್ರು.

ಡೀಲರ್ ಹತ್ರ ಆರ್‌ಸಿ, ಆಧಾರ್, ಹಳೇ ಓನರ್ ಪತ್ರ ಎಲ್ಲಾ ಕೊಟ್ಟು ತಿಂಗಳುಗಳೇ ಆಗಿದೆ, “ರಿಕ್ವೆಸ್ಟ್ ರೈಸ್ ಆಗಿದೆ ಸರ್” ಅಂತಾರೆ.